ಖಾಲಿ ಜಾಗಕ್ಕೂ ಒಂದು ಅಳತೆ

ಜಾಲ್ಸೂರಿನಲ್ಲಿ ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವಲ್ಲಿ ತುಸು ಹೊತ್ತು ನಿಲ್ಲಿ. ಅಡಿಕೆ ಗೋಣಿ ಹೊತ್ತ ಪಿಕಪ್, ಸುಳ್ಯದ ಕಡೆಗೆ ಶಾಲೆಯ ಮಕ್ಕಳನ್ನು ತುಂಬಿಕೊಂಡ ಬಸ್ಸು, ಹುಳಿವಾಸನೆಯ ರಬ್ಬರ್ ಶೀಟನ್ನು ಹಿಂದೆ ಕಟ್ಟಿಕೊಂಡ ಸ್ಕೂಟರ್, ಇವೆಲ್ಲವನ್ನೂ ಬದಿಗೆ ಸರಿಸುತ್ತ ಏದುಸಿರಿನಿಂದ ಏರು ಹತ್ತುವ ದಿಮ್ಮಿ ಲಾರಿ. ರಬ್ಬರ್ ದಿಮ್ಮಿಗಳ ಕಡಿದ ತುದಿಗಳಲ್ಲಿ ಬಿಳಿ ಹಾಲು ಇನ್ನೂ ಅಂಟಂಟಾಗಿದೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸವಾಗಲೆಂದು ಸರಕಾರ ಸುಳ್ಯ, ಪುತ್ತೂರಿನ ಕಾಡಂಚಿನಲ್ಲಿ ರಬ್ಬರ್ ಬೆಳೆಸಿತು. ಕೃಷಿಕರ ಗುಡ್ಡಗಳಲ್ಲೂ ಅದು ಹಬ್ಬಿತು. ಇಪ್ಪತ್ತೈದು, ಮೂವತ್ತು ವರ್ಷ ಹಾಲು ಕೊಟ್ಟು ಬತ್ತಿದ ಮರಕ್ಕೆ ಕೊನೆಗೆ ಪ್ಲೈವುಡ್ ಕಾರ್ಖಾನೆಯೇ ಗತಿ.

ಅಂಥದೊಂದು ಕಾರ್ಖಾನೆಯೊಳಗೆ ಬನ್ನಿ. ದಿಮ್ಮಿ ಗಿರಗಿರನೆ ತಿರುಗುತ್ತ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿದೆ. ಅಂಟಿನ ಘಾಟಿಗೆ ಕಣ್ಣು ಚುರುಗುಟ್ಟುತ್ತದೆ. ಅತ್ತ ಒಂದರ ಮೇಲೊಂದು ಉಕ್ಕಿನ ತಟ್ಟೆಗಳಿರುವ ಹಾಟ್ ಪ್ರೆಸ್. ಅಂಟು ಬಳಿದ ಹಾಳೆಗಳನ್ನು ಅವುಗಳ ನಡುವೆ ತಳ್ಳಿ ಒತ್ತಿದರೆ ಹಲಗೆ. ಆ ತಟ್ಟೆಗಳ ಹೊಟ್ಟೆಯಲ್ಲಿ ಹರಿಯುವುದು ಆವಿಯಲ್ಲ, ಕಾದ ಎಣ್ಣೆ. ನೀರನ್ನು 200 ಡಿಗ್ರಿಗೆ ಏರಿಸಿ ನೀರಾಗಿಯೇ ಉಳಿಸಲು ವಾತಾವರಣದ ಸುಮಾರು ಹದಿನೈದು ಪಟ್ಟು ಒತ್ತಡ ಬೇಕು. ಥರ್ಮಿಕ್ ಎಣ್ಣೆ ಅಷ್ಟು ಕಾದರೂ ಕುದಿಯದೆ ತೆಪ್ಪಗಿರುತ್ತದೆ. ಮರದ ಸಿಪ್ಪೆ, ಚೂರುಗಳನ್ನೇ ಉರಿಸಿ ಅದನ್ನು ಕಾಯಿಸುತ್ತಾರೆ.

ಈಗ ತಲೆಯೆತ್ತಿ ನೋಡಿ. ಪ್ರೆಸ್ಸಿಗಿಂತಲೂ, ಎಲ್ಲ ಪೈಪುಗಳಿಗಿಂತಲೂ ಮೇಲೆ ಕಬ್ಬಿಣದ ಅಟ್ಟಳಿಗೆ. ಚೈನ್ ಪುಲ್ಲಿಯ ಕಟಕಟ ಸದ್ದಿನೊಡನೆ ಹೊಸ ಟ್ಯಾಂಕೊಂದು ಗೇಣು ಗೇಣಾಗಿ ಮೇಲೇರುತ್ತಿದೆ. ವೆಲ್ಡಿಂಗ್ ಕಿಡಿಗಳು ಉದುರುತ್ತಿವೆ. ಕೆಳಗೆ ನಿಂತ ಧಣಿಗೆ ಸಮಾಧಾನವಿಲ್ಲ.

“ಅರ್ಧವೂ ತುಂಬಿಸುವುದಿಲ್ಲ ಅಂತೀರಿ, ಮತ್ತೆ ಇಷ್ಟು ದೊಡ್ಡದು ಯಾಕೆ ಮಾರಾಯ್ರೆ?”

“ಖಾಲಿ ಇರಲಿ ಅಂತಲೇ ತರಿಸಿದ್ದು ಧಣಿ,” ಎನ್ನುತ್ತಾರೆ ಫಿಟ್ಟರ್ ಮೇಸ್ತ್ರಿ, ಸರಪಳಿಯಿಂದ ಕಣ್ಣು ಕೀಳದೆ.

ಲೆಕ್ಕ ಅವರ ಜೇಬಿನ ಚೀಟಿಯಲ್ಲಿದೆ. ಎಣ್ಣೆ 100 ಡಿಗ್ರಿ ಕಾದರೆ ನೂರು ಲೀಟರು ಹೆಚ್ಚುಕಡಿಮೆ ನೂರೆಂಟಾಗುತ್ತದೆ. ಪೈಪು, ಪ್ರೆಸ್, ಹೀಟರ್ ಎಲ್ಲ ಸೇರಿ 2,000 ಲೀಟರ್ ಹಿಡಿಯುವ ಕಡೆ, 30 ಡಿಗ್ರಿಯಿಂದ 230ಕ್ಕೆ ಏರಿದಾಗ 320 ಲೀಟರಿನಷ್ಟು ಉಬ್ಬುತ್ತದೆ. ಉಬ್ಬಿದ್ದಕ್ಕೆ ಜಾಗ ಕೊಡದಿದ್ದರೆ ಎಲ್ಲೋ ಒಂದು ಬೆಸುಗೆ ಬಿರಿಯಲೇಬೇಕು. ತಣ್ಣಗಿದ್ದಾಗ ಟ್ಯಾಂಕಿನ ಕಾಲು ಭಾಗ, ಪೂರ್ತಿ ಕಾದಾಗ ಮುಕ್ಕಾಲು: ಇದು ಕಸುಬಿನವರ ಪದ್ಧತಿ. ಎಂದರೆ ಉಬ್ಬುವುದರ ಎರಡು ಪಟ್ಟು, 640 ಲೀಟರ್. ತುಸು ಕೈಬಿಚ್ಚಿ 700ರ ಟ್ಯಾಂಕ್ ತರುತ್ತಾರೆ.

ಅದರಿಂದ ಇಳಿದ ಪೈಪು ಪಂಪು ಎಣ್ಣೆ ಎಳೆಯುವ ಬದಿಗೆ ಸೇರುತ್ತದೆ. ನಡುವೆ ವಾಲ್ವ್ ಕೂರಿಸುವಂತಿಲ್ಲ. ಯಾರೋ ಮರೆತು ಮುಚ್ಚಿದರೆ ಟ್ಯಾಂಕ್ ಇದ್ದೂ ಇಲ್ಲದಂತೆ. ಬೇರೆ ಪೈಪುಗಳಿಗೆಲ್ಲ ದಪ್ಪ ರಾಕ್‌ವುಲ್ ಹೊದಿಕೆ ಸುತ್ತಿದವರು ಇದನ್ನೂ ಟ್ಯಾಂಕನ್ನೂ ಬೇಕೆಂದೇ ಬೆತ್ತಲೆ ಬಿಟ್ಟಿದ್ದಾರೆ. ಬಿಸಿ ಎಣ್ಣೆಗೆ ಗಾಳಿ ತಾಗಿದರೆ ಅದು ಕೆಟ್ಟು ಕಪ್ಪು ಕೆಸರಾಗುತ್ತದೆ. ಹಾಗಾಗಿ ಗಾಳಿಗೆ ತೆರೆದ ಈ ಟ್ಯಾಂಕ್ ಮಾತ್ರ 60 ಡಿಗ್ರಿಯ ಒಳಗೇ ಇರಬೇಕು.

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕಡೆಯಲ್ಲಿ ಇನ್ನೊಂದು ಪೀಡೆಯಿದೆ. ಒಲೆ ಆರಿ ಎಣ್ಣೆ ಕುಗ್ಗಿದಾಗ ಟ್ಯಾಂಕ್ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ, ಜೊತೆಗೆ ಆಟಿ ತಿಂಗಳ ತೇವವನ್ನೂ. ಬಿಸಿ ಎಣ್ಣೆಯಲ್ಲಿ ಒಂದು ಲೀಟರ್ ನೀರು ಆವಿಯಾದರೆ ಉಬ್ಬಿ ಸಾವಿರದ ಆರುನೂರು ಲೀಟರಿಗೂ ಹೆಚ್ಚು. ಅದಕ್ಕೇ ಟ್ಯಾಂಕಿನ ಗಾಳಿಕೊಳವೆಯ ಬಾಯಿ ಕೆಳಮುಖ, ಮೇಲೊಂದು ತಗಡಿನ ಮಾಡು. ಮೊದಲ ದಿನದ ಉರಿಯೂ ಸಣ್ಣದು. ಒಳಗಿನ ತೇವ ಹೋಗಲೆಂದು ನೂರು ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಒಗ್ಗರಣೆಗೆ ಒದ್ದೆ ಕರಿಬೇವಿನ ಸೊಪ್ಪು ಬಿದ್ದಂತೆ ಪೈಪಿನೊಳಗೆ ಚಟಚಟ, ಕೊಳವೆಯ ಬಾಯಲ್ಲಿ ಬಿಳಿ ಹಬೆ. ಸದ್ದು ಪೂರ್ತಿ ಅಡಗುವ ತನಕ ಮೇಸ್ತ್ರಿ ಉರಿ ಏರಿಸಲು ಬಿಡುವುದಿಲ್ಲ.

ಆಮೇಲೆ ಗೇಜಿನ ಗಾಜಿನಲ್ಲಿ ಎಣ್ಣೆ ನಿಧಾನಕ್ಕೆ ಮೇಲೇರುತ್ತದೆ. ಅದರ ಪಕ್ಕ ಮೇಸ್ತ್ರಿ ಎರಡು ಕೆಂಪು ಗೆರೆ ಎಳೆಯುತ್ತಾರೆ, ಕೆಳಗಿನದು ತಣಿದಾಗಿನದು, ಮೇಲಿನದು ಕಾದಾಗಿನದು. ಮಟ್ಟ ತೀರಾ ಇಳಿದರೆ ಒಲೆ, ಪಂಪು ನಿಲ್ಲಿಸಲು ಫ್ಲೋಟ್ ಸ್ವಿಚ್ ಇದೆ. ಆದರೆ ಅವರ ಭಯ ಬೇರೆ. ಆದಿತ್ಯವಾರದ ರಜೆ ಕಳೆದು ಸೋಮವಾರ ಬಂದ ಹುಡುಗ ಕಾಲು ಭಾಗ ಎಣ್ಣೆ ನೋಡಿ, ಕಡಿಮೆಯಾಯಿತೆಂದು ಡಬ್ಬಗಟ್ಟಲೆ ಸುರಿದು ತುಂಬಿಸಿದರೆ, ಮಧ್ಯಾಹ್ನಕ್ಕೆ ಅದು ಉಕ್ಕಿ ಹೊರಗೆ ಬರುತ್ತದೆ.

“ತಣ್ಣಗಿದ್ದಾಗ ಕೆಳಗಿನ ಗೆರೆಗೆ ಬಂದರೆ ಸಾಕು. ಉಳಿದ ಜಾಗ ನಿಮ್ಮದಲ್ಲ, ಬಿಸಿಯದ್ದು,” ಎಂದು ಹುಡುಗರಿಗೆ ಹೇಳಿ ಅವರು ಬ್ರಷ್ ಒರೆಸಿಕೊಳ್ಳುತ್ತಾರೆ.