ಯಾತ್ರಿಕರನ್ನು ನಡುನೀರಿನಲ್ಲಿ ಬಿಟ್ಟ ಕಪ್ತಾನ

ಜುಮಾ ದಿನ ನಮ್ಮ ಮನೆಗಳಲ್ಲಿ ಸೂರಃ ಅಲ್ ಕಹ್ಫ್ ಪಾರಾಯಣ ನಡೆಯುತ್ತದೆ. ಹಝ್ರತ್ ಖಿಝ್ರ್(ಅ) ಬಡವರ ಹಡಗಿಗೆ ತೂತು ಮಾಡಿದ ಪ್ರಸಂಗ ಅದರಲ್ಲಿದೆ. ಹಝ್ರತ್ ಮೂಸಾ(ಅ) ಅದನ್ನು ಆಕ್ಷೇಪಿಸುತ್ತಾರೆ. ಹಡಗುಗಳನ್ನು ಕಸಿದುಕೊಳ್ಳುವ ರಾಜನ ಕೈಗೆ ಅದು ಸಿಗಬಾರದೆಂದೇ ಹಾಗೆ ಮಾಡಿದ್ದೆಂದು ಕೊನೆಗೆ ತಿಳಿಯುತ್ತದೆ. ಆ ತೂತಿನಿಂದ ಬಡವರ ಬದುಕು ಉಳಿಯಿತು.

ಇದಕ್ಕೆ ತದ್ವಿರುದ್ಧವಾದ ಘಟನೆ ಹಜ್ಜ್ ಯಾತ್ರೆಯ ಚರಿತ್ರೆಯಲ್ಲಿದೆ.

ನಮ್ಮ ಹೂವಿನ ಹಡಗಲಿಯ ಹೆಸರಿನಲ್ಲಿ ಹಡಗಿದ್ದರೂ ಸಮುದ್ರ ನಮಗೆ ದೂರ. ಆದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯವರು ಹಿಂದೆ ಹಜ್ಜ್‌ಗೆ ಹೊರಟರೆ ಮುಂಬಯಿಗೆ ಹೋಗಿ ಹಡಗು ಹತ್ತಬೇಕಿತ್ತು. ಆ ಹಡಗು ಯಾನ 1995ರಲ್ಲಿ ನಿಂತಿತು. ಹಡಗು ಹತ್ತಿದ ಹಾಜಿಯ ಪ್ರಾಣ ಅಲ್ಲಾಹನ ರಕ್ಷಣೆಯಲ್ಲಿ, ಕಪ್ತಾನನ ಜವಾಬ್ದಾರಿಯಲ್ಲಿ ಇರುತ್ತಿತ್ತು.

‘ಜೆಡ್ಡಾ’ ಎಂಬ ಉಗಿಹಡಗು 1872ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾಯಿತು. ಸಿಂಗಪುರದ ಅರಬ್ ವ್ಯಾಪಾರಿ ಕುಟುಂಬವೊಂದು ಅದರಲ್ಲಿ ಹಜ್ಜ್ ಯಾತ್ರಿಕರನ್ನು ಸಾಗಿಸುತ್ತಿತ್ತು. 1880ರ ಜುಲೈನಲ್ಲಿ ಒಂಬೈನೂರಕ್ಕೂ ಹೆಚ್ಚು ಯಾತ್ರಿಕರೊಂದಿಗೆ ಅದು ಜಿದ್ದಾ ಕಡೆಗೆ ಹೊರಟಿತು. ಹೆಂಗಸರು, ಮಕ್ಕಳೂ ಇದ್ದರು. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಬಾಯ್ಲರುಗಳು ಸಡಿಲಗೊಂಡವು, ಒಳಗೆ ನೀರು ನುಗ್ಗಿತು. ಯಾತ್ರಿಕರೂ ಕೈಜೋಡಿಸಿ ನೀರು ಹೊರಹಾಕಿದರು.

ಆಗಸ್ಟ್ 8ರಂದು ಕತ್ತಲೆಯಲ್ಲೇ ಕಪ್ತಾನ ಕ್ಲಾರ್ಕ್, ಅವನ ಹೆಂಡತಿ ಮತ್ತು ಕೆಲವು ಅಧಿಕಾರಿಗಳು ದೋಣಿ ಇಳಿಸಿ ಹೊರಟುಹೋದರು. ‘ಸಿಂದಿಯಾ’ ಎಂಬ ಹಡಗು ಅವರನ್ನು ಏಡನ್ ಬಂದರಿಗೆ ತಲುಪಿಸಿತು. ಜೆಡ್ಡಾ ಮುಳುಗಿತು, ಯಾತ್ರಿಕರೆಲ್ಲ ಸತ್ತರು ಎಂಬ ಸುದ್ದಿ ತಂತಿಯ ಮೂಲಕ ಹೊರಟಿತು. ತೇಲುತ್ತಿದ್ದ ಹಡಗನ್ನು ಅವರು ಬಾಯಿಮಾತಿನಲ್ಲೇ ಮುಳುಗಿಸಿಬಿಟ್ಟಿದ್ದರು!

ಮರುದಿನ, ಆಗಸ್ಟ್ 11ರಂದು, ‘ಆಂಟೆನರ್’ ಎಂಬ ಇನ್ನೊಂದು ಹಡಗು ಜೆಡ್ಡಾವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು. ಒಂಬೈನೂರಕ್ಕೂ ಹೆಚ್ಚು ಯಾತ್ರಿಕರು ಜೀವಂತವಾಗಿದ್ದರು. ವಿಚಾರಣೆ ನಡೆದು ಕಪ್ತಾನನ ಪರವಾನಗಿಯನ್ನು ಮೂರು ವರ್ಷ ಅಮಾನತಿನಲ್ಲಿಟ್ಟರು. ಅಷ್ಟೊಂದು ಜೀವಗಳನ್ನು ತೊರೆದುದಕ್ಕೆ ಶಿಕ್ಷೆ ಇಷ್ಟೇ. ಜೋಸೆಫ್ ಕಾನ್ರಾಡ್‌ನ ‘ಲಾರ್ಡ್ ಜಿಮ್’ ಕಾದಂಬರಿ ಈ ಘಟನೆಯಿಂದಲೇ ಹುಟ್ಟಿತು.

ನಿಮ್ಮಲ್ಲಿ ಪ್ರತಿಯೊಬ್ಬನೂ ಕಾವಲುಗಾರ, ತನ್ನ ಕೈಕೆಳಗಿನವರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂಬರ್ಥದ ಪ್ರವಾದಿವರ್ಯರ(ಸ) ವಚನ ನಮಗೆ ಗೊತ್ತು. ಮಸೀದಿಯ ಮುತವಲ್ಲಿ, ಉಮ್ರಾಕ್ಕೆ ಹಣ ಪಡೆದ ಏಜೆಂಟ್, ಮನೆಯ ಯಜಮಾನ, ಬಸ್ ಚಾಲಕ – ಇವರೆಲ್ಲರ ಕೈಯಲ್ಲೂ ಒಂದೊಂದು ಹಡಗಿದೆ. ನೀರು ನುಗ್ಗಿದ ಹೊತ್ತಿನಲ್ಲಿ ಜೊತೆಗೆ ನಿಲ್ಲುವುದೇ ಅಮಾನತ್. ಅದನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.