ಬೆಳ್ಳಂದೂರಿನ ನೊರೆ ಮಳೆಗೇ ಏಕೆ ಉಕ್ಕುತ್ತದೆ?

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ದೇಶದಾಚೆಗೂ ಸುದ್ದಿಯಾಯಿತು. ಗಾಳಿಗೆ ಹಾರಿ ರಸ್ತೆಗೆ ಬಿದ್ದು ಬೈಕ್ ಸವಾರರ ಮೈಗೆ ಮೆತ್ತಿಕೊಳ್ಳುತ್ತಿದ್ದ ಈ ನೊರೆ, ಆ ಮೇ ತಿಂಗಳಲ್ಲಿ ಹೊತ್ತಿಯೂ ಉರಿಯಿತು. ಕೆರೆಗೆ ಕೊಳಚೆ ವರ್ಷವಿಡೀ ಬರುತ್ತದೆ. ಹಾಗಿದ್ದರೆ ಜೋರು ಮಳೆಯಾದಾಗಲೇ ನೊರೆ ಹೆಚ್ಚುವುದೇಕೆ?

ಉತ್ತರ ಕೆರೆಯ ಹೂಳಿನಲ್ಲಿದೆ. ಬಟ್ಟೆ, ಪಾತ್ರೆ ತೊಳೆಯುವ ಪುಡಿಗಳಲ್ಲಿ ಜಿಡ್ಡು ಬಿಡಿಸುವ ರಾಸಾಯನಿಕ ಇರುತ್ತದೆ. ಅದರ ಅಣುವಿನ ಒಂದು ತುದಿ ನೀರಿಗೆ ಒಲಿದರೆ ಇನ್ನೊಂದು ಜಿಡ್ಡಿಗೆ ಅಂಟುತ್ತದೆ. ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದರೆ ಬ್ಯಾಕ್ಟೀರಿಯಾಗಳು ಇದನ್ನು ತಿಂದು ಅರಗಿಸುತ್ತವೆ. ಕೊಳಚೆ ತುಂಬಿದ ಕೆರೆಯ ತಳದಲ್ಲಿ ಆಮ್ಲಜನಕಕ್ಕೇ ಬರ. ಹೀಗಾಗಿ ರಾಸಾಯನಿಕ ಹೂಳಿಗೆ ಅಂಟಿಕೊಂಡು ಬೇಸಿಗೆಯಿಡೀ ಕೂಡಿಕೊಳ್ಳುತ್ತದೆ. ದೊಡ್ಡ ಮಳೆಗೆ ಹೂಳು ಕದಡಿ ಅದೆಲ್ಲ ನೀರಿಗೆ ಬರುತ್ತದೆ. ಆ ನೀರು ಕೋಡಿಯಲ್ಲಿ ರಭಸದಿಂದ ಧುಮುಕುವಾಗ ಗಾಳಿ ಬೆರೆತು, ಮೊಸರು ಕಡೆದಂತೆ ನೊರೆ ಏಳುತ್ತದೆ. ಬ್ಯಾಕ್ಟೀರಿಯಾ ಮತ್ತು ಕೆಸರಿನ ಸಣ್ಣ ಕಣಗಳು ಗುಳ್ಳೆಯ ಪೊರೆಯನ್ನು ಗಟ್ಟಿ ಮಾಡುವುದರಿಂದ ಅದು ಬೇಗ ಒಡೆಯುವುದೂ ಇಲ್ಲ.

ಇಷ್ಟೊಂದು ಕೊಳಚೆ ಎಲ್ಲಿಯದು? ದೊಡ್ಡ ಪಾಲು ಕಾವೇರಿ ನೀರಿನದೇ. ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲೆತ್ತಿ ತಂದ ನೀರು ಅದು. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಕಾವೇರಿ ಯೋಜನೆಯ ಐದನೇ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಐಟಿ ಕಂಪನಿಗಳ ಬೆನ್ನಿಗೇ ಹೊರವರ್ತುಲ ರಸ್ತೆಯ ಸುತ್ತ ಅಪಾರ್ಟ್‌ಮೆಂಟ್‌ಗಳು ಎದ್ದವು. ಕೊಳವೆಬಾವಿ, ಟ್ಯಾಂಕರ್ ನಂಬಿ ಜನ ಬಂದು ನೆಲೆಸಿದರು. ಒಳಚರಂಡಿ ಅವರ ವೇಗಕ್ಕೆ ಬರಲಿಲ್ಲ. ಮಳೆನೀರಿನ ರಾಜಕಾಲುವೆಗಳೇ ಕೊಳಚೆ ಹೊತ್ತವು.

2018ರಿಂದ ಬೆಳ್ಳಂದೂರು ಕೆರೆ ಇರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಒಣಗಿದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡದ್ದು ಸಣ್ಣ ಲಾಭವಲ್ಲ. ಆದರೆ ಅದೇ ವರ್ಷ ಆ ನೀರು ಸೇರುವ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಎದ್ದಿತು. ಈ ನೀರಿಗೆ ಆಗುವ ಎರಡನೇ ಹಂತದ ಸಂಸ್ಕರಣೆ ಕೊಳೆಯುವ ವಸ್ತುಗಳನ್ನು ಬಹುಮಟ್ಟಿಗೆ ತೆಗೆಯುತ್ತದೆ. ರಂಜಕ, ಸಾರಜನಕಗಳನ್ನು ಪೂರ್ತಿ ತೆಗೆಯಲು ಮೂರನೇ ಹಂತ ಬೇಕು. ಕೋಲಾರದ ರೈತರು ಕೇಳುತ್ತಿರುವುದೂ ಅದನ್ನೇ. ಅದು ದುಬಾರಿ, ನಿಜ. ಆದರೆ ನೀರು ತರುವ ಖರ್ಚಿಗೆ ಅದನ್ನು ಶುದ್ಧ ಮಾಡಿ ಕಳಿಸುವ ಖರ್ಚನ್ನೂ ಕೂಡಿದಾಗಲೇ ನಗರದ ನೀರಿನ ಅಸಲಿ ಬೆಲೆ ತಿಳಿಯುವುದು. ನಗರ ಕೊಡದೆ ಉಳಿಸಿದ ಬಾಕಿಯನ್ನು ಕೆಳಗಿನ ಊರುಗಳು ತೀರಿಸಬೇಕಾಗುತ್ತದೆ.