ಹಳೆಯ ಗಾಡಿಯಲ್ಲಿ ಹೊಸ ಇಂಜಿನು: ಪೆಟ್ರೋಲಿನ ದಾರಿಯ ದೋಷಗಳು

ಹಳೆಯ ಮೋಟಾರು ಗಾಡಿಯ ಇಂಜಿನನ್ನು ಇಳಿಸಿ, ಅದರ ಸ್ಥಾನದಲ್ಲಿ ಒಂದು ತಲೆಮಾರಿನಷ್ಟು ಈಚಿನ ಇಂಜಿನನ್ನು ಕೂರಿಸುವ ಪದ್ಧತಿ ಅಮೆರಿಕ ದೇಶದಲ್ಲಿ ಬಹಳ ರೂಢವಾಗಿದೆ. ಷೆವರ್ಲೆ ಕಂಪೆನಿಯವರ 1967ನೆಯ ಮಾದರಿಯ ಕಮಾರೊ ಗಾಡಿಗೆ, ಅದೇ ಕಂಪೆನಿಯವರು 1997ರ ಮಾದರಿಯ ಕಾರ್ವೆಟ್ಟಿನೊಡನೆ ಹೊರತಂದ ಎಲ್.ಎಸ್. 1 ಎಂಬ ಇಂಜಿನನ್ನು ಜೋಡಿಸುವುದು ಇದಕ್ಕೊಂದು ನಿದರ್ಶನ. ಆ ಇಂಜಿನು ಎಂಟು ಸಿಲಿಂಡರುಗಳದು. ಕಾರ್ವೆಟ್ಟಿನಲ್ಲಿ ಅದರ ಬಲ 345 ಅಶ್ವಶಕ್ತಿ.

ಜೋಡಣೆ ಮುಗಿದು ಬೀಗದ ಕೈಯನ್ನು ತಿರುಗಿಸಿದೊಡನೆ ಇಂಜಿನು ಎಚ್ಚರಗೊಂಡು, ನಿಂತ ಗಾಡಿಯಲ್ಲಿ ಸೊಗಸಾಗಿಯೇ ನಡೆಯುತ್ತದೆ. ಆದರೆ ಏರು ಹತ್ತುವಾಗಲೋ, ಮುಂದಿನ ಗಾಡಿಯನ್ನು ದಾಟಿಹೋಗಲು ಪೆಡಲನ್ನು ಪೂರ್ತಿ ಒತ್ತಿದಾಗಲೋ ಅದು ಕೆಮ್ಮುತ್ತದೆ, ಏದುತ್ತದೆ, ಬಲಗುಂದುತ್ತದೆ. ಆಗ ಯಜಮಾನನ ಸಂಶಯವೆಲ್ಲವೂ ಹೊಸದಾಗಿ ಬಂದ ಕಂಪ್ಯೂಟರಿನ ಮೇಲೆಯೂ ಇಂಜೆಕ್ಟರುಗಳ ಮೇಲೆಯೂ ಹೋಗುತ್ತದೆ. ಹಣ ಸುರಿದು ಅವನ್ನು ಬದಲಾಯಿಸುತ್ತಾನೆ. ಕೆಮ್ಮು ಹಾಗೆಯೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಇದು. ಇಂತಹ ಗಾಡಿಗಳಲ್ಲಿ ರೋಗದ ಮೂಲವನ್ನು ಮೊದಲು ಹುಡುಕಬೇಕಾದದ್ದು ಹೊಸ ಇಂಜಿನಿನಲ್ಲಲ್ಲ, ಬದಲಾಗದೆ ಉಳಿದ ಹಳೆಯ ತೊಟ್ಟಿ, ಕೊಳವೆ, ತಂತಿಗಳಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಕಮಾರೊವಿನಲ್ಲಿದ್ದದ್ದು ಕಾರ್ಬುರೇಟರು. ಅದರಲ್ಲಿ ಪೆಟ್ರೋಲು ನಿಲ್ಲುವ ಸಣ್ಣದೊಂದು ಬೋಗುಣಿಯುಂಟು. ಆ ಬೋಗುಣಿಯನ್ನು ತುಂಬಿಡಲು ಚದರಂಗುಲಕ್ಕೆ 4ರಿಂದ 7 ಪೌಂಡುಗಳ ಒತ್ತಡವಿದ್ದರೆ ಸಾಕು. ಇಂಜಿನಿನ ಪಕ್ಕದಲ್ಲಿದ್ದ ಪಂಪು ಗಾಡಿಯ ಹಿಂಭಾಗದ ತೊಟ್ಟಿಯಿಂದ ಪೆಟ್ರೋಲನ್ನು ಹೀರಿ ಇಷ್ಟನ್ನು ಒದಗಿಸುತ್ತಿತ್ತು. ಎಲ್.ಎಸ್. 1ರಲ್ಲಿ ಬೋಗುಣಿಯೂ ಇಲ್ಲ, ಆ ಪಂಪೂ ಇಲ್ಲ. ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರು. ಅದು ವಿದ್ಯುತ್ತಿನಿಂದ ಸೆಕೆಂಡಿನ ಕೆಲವು ಸಾವಿರಾಂಶಗಳ ಕಾಲ ಬಾಯಿ ತೆರೆದು ಮುಚ್ಚುವ ಸೂಕ್ಷ್ಮವಾದ ನಳಿಗೆ. ಅದರ ಬೆನ್ನಿಗೆ ಸದಾಕಾಲವೂ ಚದರಂಗುಲಕ್ಕೆ 58 ಪೌಂಡುಗಳ ಒತ್ತಡವಿರಬೇಕು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕಂಪ್ಯೂಟರು ಪೆಟ್ರೋಲನ್ನು ಅಳೆಯುವುದಿಲ್ಲ. ಇಂಜೆಕ್ಟರು ತೆರೆದಿರಬೇಕಾದ ಕಾಲವನ್ನು ಮಾತ್ರ ಗೊತ್ತುಮಾಡುತ್ತದೆ. ನಲ್ಲಿಯ ಕೆಳಗೆ ಕೊಡವನ್ನಿಟ್ಟು, ಇದು ಎರಡು ನಿಮಿಷಕ್ಕೆ ತುಂಬುವುದೆಂದು ಲೆಕ್ಕಹಾಕಿ ಒಳಗೆ ಹೋದ ಗೃಹಿಣಿಯಂತೆ ಅದರ ಸ್ಥಿತಿ. ನೀರಿನ ಒತ್ತಡ ಇಳಿದಿದ್ದರೆ ಕಾಲ ಸರಿಯಾಗಿಯೇ ಇರುತ್ತದೆ, ಕೊಡ ಮಾತ್ರ ತುಂಬಿರುವುದಿಲ್ಲ.

ಎಷ್ಟು ಕಡಮೆಯಾಗುವುದೆಂಬುದನ್ನು ಲೆಕ್ಕದಿಂದಲೇ ಹೇಳಬಹುದು. ನಳಿಗೆಯಿಂದ ಹೊರಬರುವ ದ್ರವದ ಪ್ರಮಾಣ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಪೂರ್ಣಭಾರದಲ್ಲಿ ಒತ್ತಡ 58ರಿಂದ 40 ಪೌಂಡಿಗೆ ಇಳಿದರೆ ಪೆಟ್ರೋಲು ನೂರಕ್ಕೆ ಸುಮಾರು 17ರಷ್ಟು ಕಡಮೆಯಾಗುತ್ತದೆ. ಅಂತಹ ಭಾರದಲ್ಲಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 12.8 ಪಾಲಿನಷ್ಟು ಗಾಳಿಯಿರುವಂತೆ ಏರ್ಪಡಿಸಿದ್ದರೆ, ಅದು 15.4 ಪಾಲಿಗೆ ಏರಿಬಿಡುತ್ತದೆ. ಸಾಧಾರಣ ವೇಗದಲ್ಲಿ ಹೊಗೆಕೊಳವೆಯ ಆಮ್ಲಜನಕ ಸೂಚಕವು ಕೊರತೆಯನ್ನು ತಿಳಿಸಿ ಕಂಪ್ಯೂಟರಿನಿಂದ ಅದನ್ನು ತಿದ್ದಿಸುತ್ತದೆ. ಪೆಡಲನ್ನು ಪೂರ್ತಿ ಒತ್ತಿದಾಗಲಾದರೋ ಕಂಪ್ಯೂಟರು ಆ ಸೂಚಕದ ಮಾತಿಗೆ ಕಿವಿಗೊಡುವುದಿಲ್ಲ. ಹೀಗೆ ಅಪಾಯವು ಹೆಚ್ಚಾಗಿರುವ ಹೊತ್ತಿನಲ್ಲಿಯೇ ಕಾವಲುಗಾರನಿಲ್ಲ. ಬಡಕಲಾದ ಮಿಶ್ರಣ ಅಕಾಲದಲ್ಲಿ ಸಿಡಿಯುತ್ತದೆ. ಸಿಡಿತ ಮುಂದುವರಿದರೆ ಪಿಸ್ಟನ್ನಿನ ನೆತ್ತಿ ಕರಗಬಹುದು, ಒಡೆಯಬಹುದು. ಆದುದರಿಂದ ಏರಿನಲ್ಲಿ ಕೇಳಿಬರುವ ಕೆಮ್ಮನ್ನು ಅಲಕ್ಷಿಸಿ ಓಡಿಸುವುದು ವಿವೇಕವಲ್ಲ.

ಪರೀಕ್ಷೆಗೆ ಮೊದಲು ಬೇಕಾದದ್ದು ಒತ್ತಡಮಾಪಕ. ಇಂಜೆಕ್ಟರುಗಳಿಗೆ ಪೆಟ್ರೋಲನ್ನು ಹಂಚುವ ಕೊಳವೆಯ ಮೇಲೆ ಟೈರಿನ ವಾಲ್ವನ್ನು ಹೋಲುವ ಮೂತಿಯೊಂದಿದೆ. ಮಾಪಕವನ್ನು ಅಲ್ಲಿಗೆ ಜೋಡಿಸತಕ್ಕದ್ದು. ಇಂಜಿನು ತಣ್ಣಗಿರಲಿ, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಲಿ. 58 ಪೌಂಡಿನಲ್ಲಿ ಚಿಮ್ಮುವ ಪೆಟ್ರೋಲು ಕಾರ್ಬುರೇಟರಿನ ತೊಟ್ಟಿಕ್ಕುವ ಪೆಟ್ರೋಲಲ್ಲ. (ಕಾರ್ಬುರೇಟರಿನ ಕಾಲದ ರಬ್ಬರು ನಳಿಗೆಯನ್ನೂ ತಿರುಪಿನ ಪಟ್ಟಿಯನ್ನೂ ಈ ಒತ್ತಡಕ್ಕೆ ಉಳಿಸಿಕೊಂಡಿರುವವರು ಮಿಕ್ಕ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಮೊದಲು ಅವನ್ನು ತೆಗೆಸಬೇಕು.) ಬೀಗದ ಕೈ ತಿರುಗಿಸಿದೊಡನೆ ಪಂಪು ಸುಮಾರು 2 ಸೆಕೆಂಡು ಓಡಿ ನಿಲ್ಲುತ್ತದೆ, ಅಷ್ಟರಲ್ಲಿ ಮುಳ್ಳು 58ಕ್ಕೆ ಏರಬೇಕು. ಹೊಸ ಜೋಡಣೆಯಲ್ಲಿ ಕೊಳವೆಯ ತುಂಬ ಗಾಳಿಯಿರುವುದರಿಂದ ನಾಲ್ಕಾರು ಸಲ ತಿರುಗಿಸಬೇಕಾದೀತು. ಆದರೆ ನಿಂತ ಗಾಡಿಯಲ್ಲಿ 58 ಕಂಡಿತೆಂದು ತೃಪ್ತರಾಗಬಾರದು. ಬಡಕಲು ಪಂಪು ಕೂಡ ಅಷ್ಟನ್ನು ತೋರಿಸಬಲ್ಲುದು. ಉದ್ದದ ನಳಿಗೆಯಿಂದ ಮಾಪಕವನ್ನು ಗಾಜಿನ ಹೊರಗೆ ಕಾಣುವಂತೆ ಭದ್ರವಾಗಿ ಬಿಗಿದು, ಪಕ್ಕದಲ್ಲಿ ಕುಳಿತವರು ನೋಡುತ್ತಿರುವಂತೆ ಏರಿನಲ್ಲಿ ಓಡಿಸಿ ನೋಡಬೇಕು. ಭಾರ ಹೆಚ್ಚಿದಂತೆ ಮುಳ್ಳು ಇಳಿದರೆ ದೋಷ ಪೆಟ್ರೋಲಿನ ದಾರಿಯಲ್ಲಿದೆ. ಇಳಿಯದೆಯೂ ಕೆಮ್ಮಿದರೆ ಆಗ ಇಂಜೆಕ್ಟರನ್ನೋ, ಕಂಪ್ಯೂಟರಿನ ಲೆಕ್ಕವನ್ನೋ, ಕಿಡಿಯ ಭಾಗಗಳನ್ನೋ ಸಂಶಯಿಸಬಹುದು.

ಒತ್ತಡದೊಡನೆ ಪ್ರಮಾಣವೂ ಮುಖ್ಯ. ಒಂದು ಅಶ್ವಶಕ್ತಿಗೆ ಗಂಟೆಗೆ ಅರ್ಧ ಪೌಂಡು ಪೆಟ್ರೋಲೆಂದು ಹಿಡಿದರೆ, ಪೂರ್ಣವೇಗದಲ್ಲಿ ಈ ಇಂಜಿನಿಗೆ ಗಂಟೆಗೆ 106 ಲೀಟರಿನಷ್ಟು ಬೇಕು. ಅಂದರೆ ಅರ್ಧ ನಿಮಿಷಕ್ಕೆ 0.9 ಲೀಟರಿಗೆ ತುಸು ಕಡಮೆ. ಪಂಪಿನ ಪೆಟ್ಟಿಗೆಯ ಮೇಲೆ 255 ಲೀಟರೆಂದು ಅಚ್ಚಾಗಿರಬಹುದು. ಆ ಅಂಕಿ ಯಾವ ಒತ್ತಡದಲ್ಲಿ, ಎಷ್ಟು ವೋಲ್ಟಿನಲ್ಲಿ ಅಳೆದದ್ದೆಂದು ಕೇಳದೆ ನೆಚ್ಚಬಾರದು.

ವೋಲ್ಟಿನ ಮಾತು ಬಂದುದರಿಂದ ತಂತಿಯ ವಿಷಯವನ್ನೂ ಹೇಳಿಬಿಡುವೆವು. 1967ರ ಗಾಡಿಯಲ್ಲಿ ವಿದ್ಯುತ್ ಪಂಪಿಗೆಂದು ಎಳೆದ ತಂತಿಯೇ ಇರಲಿಲ್ಲ. ಹತ್ತಿರ ಸಿಕ್ಕಿದ ಸಣ್ಣ ತಂತಿಗೆ ಪಂಪನ್ನು ಗಂಟುಹಾಕಿ, ಇನ್ನೊಂದು ತುದಿಯನ್ನು ತುಕ್ಕುಹಿಡಿದ ತಗಡಿಗೆ ತಿರುಪುಹಾಕಿದರೆ, ಬ್ಯಾಟರಿಯಲ್ಲಿ 13.8 ವೋಲ್ಟಿದ್ದರೂ ಪಂಪಿಗೆ ಹನ್ನೊಂದೋ ಹನ್ನೆರಡೋ ಮುಟ್ಟಬಹುದು. ಪಂಪು ತಿರುಗುತ್ತದೆ, ಸದ್ದೂ ಕೇಳಿಸುತ್ತದೆ. ಕೊಡುವುದು ಮಾತ್ರ ಕಡಮೆ. ಪಂಪು ಓಡುತ್ತಿರುವಾಗಲೇ ಅದರ ಎರಡು ತುದಿಗಳಲ್ಲಿ ವೋಲ್ಟನ್ನು ಅಳೆದು ಬ್ಯಾಟರಿಯೊಡನೆ ಹೋಲಿಸಿ ನೋಡಬೇಕು. ವ್ಯತ್ಯಾಸ ಅರ್ಧ ವೋಲ್ಟನ್ನು ಮೀರಿದ್ದರೆ ದಪ್ಪ ತಂತಿ, ರಿಲೇ ಮತ್ತು ಫ್ಯೂಸುಗಳ ಮೂಲಕ ಬ್ಯಾಟರಿಯಿಂದಲೇ ಬೇರೆ ಮಾರ್ಗವನ್ನು ಎಳೆಸುವುದು ಲೇಸು.

ಇನ್ನು ತೊಟ್ಟಿ. ಅಧಿಕ ಒತ್ತಡದ ಪಂಪುಗಳು ಮುಂದಕ್ಕೆ ತಳ್ಳುವುದರಲ್ಲಿ ಗಟ್ಟಿ, ಹಿಂದಿನಿಂದ ಹೀರುವುದರಲ್ಲಿ ದುರ್ಬಲ. ಅಂತಹ ಪಂಪನ್ನು ತೊಟ್ಟಿಯಿಂದ ದೂರ, ಪೆಟ್ರೋಲಿನ ಮಟ್ಟಕ್ಕಿಂತ ಎತ್ತರದಲ್ಲಿ ಕಟ್ಟಿದರೆ, ಹೀರುವೆಡೆಯಲ್ಲಿ ಒತ್ತಡ ತಗ್ಗಿ ಬೆಚ್ಚಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪು ಆವಿಯನ್ನು ತಳ್ಳಲಾರದೆ ಕಿರುಚುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಗಾಡಿ ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲುವುದಕ್ಕೆ ಇದೊಂದು ಕಾರಣ. ಪಂಪನ್ನು ತೊಟ್ಟಿಯೊಳಗೆ ಮುಳುಗಿಸಿಡುವುದೇ ಉತ್ತಮ. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಆಗಲೂ ಪಂಪಿನ ಸುತ್ತ ಪೆಟ್ರೋಲನ್ನು ಹಿಡಿದಿಡುವ ಅಡ್ಡಗೋಡೆಗಳು ಬೇಕು. ಇಲ್ಲವಾದರೆ ಕಾಲು ತೊಟ್ಟಿ ಉಳಿದಿರುವಾಗ ತಿರುವಿನಲ್ಲಿ ಪೆಟ್ರೋಲೆಲ್ಲ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಕುಡಿಯುತ್ತದೆ. ಕಾರ್ಬುರೇಟರಿಗೆ ಬೋಗುಣಿಯ ಆಸರೆಯಿದ್ದುದರಿಂದ ಆ ಕ್ಷಣ ಕಳೆದುಹೋಗುತ್ತಿತ್ತು. ಇಂಜೆಕ್ಟರು ಅದನ್ನು ಸಹಿಸದು. ಹಳೆಯ ತೊಟ್ಟಿಯ ತುಕ್ಕು ಪಂಪಿನ ಬಾಯಿಯ ಜಾಲರಿಯನ್ನು ಮುಚ್ಚುವುದೂ ಉಂಟು.

ಅರ್ಧ ಗಂಟೆ ಓಡಿ ನಿಂತು, ತುಸು ಹೊತ್ತಿನ ಮೇಲೆ ತಾನೇ ಸರಿಹೋಗುವ ಗಾಡಿಯಲ್ಲಿ ತೊಟ್ಟಿಯ ಮುಚ್ಚಳವನ್ನು ತೆಗೆದು ಕಿವಿಗೊಡಿ. ಗಾಳಿ ಬುಸ್ಸೆಂದು ಒಳಗೆ ನುಗ್ಗಿದರೆ ತೊಟ್ಟಿಗೆ ಉಸಿರಾಟದ ದಾರಿಯಿಲ್ಲವೆಂದೇ ಅರ್ಥ.

ಕಡೆಯದಾಗಿ, ಬಿಸಿಯಿರುವಾಗ ಮತ್ತೆ ಹೊರಡಿಸಲು ಬಹಳ ಹೊತ್ತು ಹಿಡಿಯುವ ಇಂಜಿನು. ಇಂಜಿನನ್ನು ನಿಲ್ಲಿಸಿ ಮಾಪಕವನ್ನು ನೋಡುತ್ತಿರಬೇಕು. ಮುಳ್ಳು ಬೇಗಬೇಗನೆ ಸೊನ್ನೆಗೆ ಇಳಿದರೆ ಪೆಟ್ರೋಲು ಎಲ್ಲಿಯೋ ಜಾರುತ್ತಿದೆ. ನಡುವೆ ಮುಚ್ಚುವ ತಿರುಪೊಂದನ್ನಿಟ್ಟು ಹಿಂಭಾಗವನ್ನು ಬೇರ್ಪಡಿಸಿದಾಗ ಇಳಿತ ನಿಂತರೆ, ದೋಷ ಪಂಪಿನ ಹಿಮ್ಮುಖ ಕವಾಟದ್ದು ಅಥವಾ ಒತ್ತಡ ನಿಯಂತ್ರಕದ್ದು. 1999ರ ಕಾರ್ವೆಟ್ಟಿನಿಂದ ಮೊದಲುಗೊಂಡು ಈ ನಿಯಂತ್ರಕವು ಫಿಲ್ಟರಿನೊಳಗೇ ಅಡಕವಾಗಿ ಬಂದಿದ್ದು, ಇಂಜಿನು ಬದಲಾಯಿಸುವವರು ಆ ಫಿಲ್ಟರನ್ನೇ ತೊಟ್ಟಿಯ ಬಳಿ ಕಟ್ಟುವುದು ವಾಡಿಕೆ. ಹಿಂಭಾಗವನ್ನು ಮುಚ್ಚಿದ ಮೇಲೆಯೂ ಮುಳ್ಳು ಇಳಿಯುತ್ತಲೇ ಇದ್ದು, ಹೊರಗೆಲ್ಲಿಯೂ ತೇವ ಕಾಣದಿದ್ದರೆ, ಇಂಜೆಕ್ಟರೊಂದು ಸೋರುತ್ತಿರಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಒದ್ದೆಯಾಗಿರುವ ಪ್ಲಗ್ಗು ಯಾವ ಸಿಲಿಂಡರಿನದೋ ಸೋರುವ ಇಂಜೆಕ್ಟರೂ ಅದರದೇ.